ಸರ್ಕಾರದ ದುಡ್ಡಿನಿಂದ ಕರಾವಳಿಯ ಬಡತನ ಕರಗುತ್ತದೆಯೇ?

ಪರ: ಓಲೆ ಕಿವಿಯಲ್ಲೇ ಉಳಿಯಿತು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ಕಾರವಾರದ ಬೈತಖೋಲ ಬಂದರಿಗೆ ಒಮ್ಮೆ ಬನ್ನಿ. ಗಂಡಸರು ಬಲೆ ಹೊಲಿಯುತ್ತ ಕೂತಿರುತ್ತಾರೆ, ಕಿರಾಣಿ ಅಂಗಡಿಯಲ್ಲಿ ಉದ್ರಿ ಬೆಳೆಯುತ್ತಿರುತ್ತದೆ.

ನಮ್ಮತ್ತೆ ನಲವತ್ತು ವರ್ಷ ಮೀನು ಮಾರಿದವರು. ಮಳೆಗಾಲ ಬಂತೆಂದರೆ ಅವರ ಕಿವಿಯ ಓಲೆ ಗಿರವಿಗೆ ಹೋಗುತ್ತಿತ್ತು. ಚೌತಿಯ ಹೊತ್ತಿಗೆ ಬಿಡಿಸಿಕೊಂಡರೆ ಪುಣ್ಯ. 2023ರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಶುರುವಾಯಿತು. ಮರುವರ್ಷದ ಮಳೆಗಾಲಕ್ಕೆ ಓಲೆ ಕಿವಿಯಲ್ಲೇ ಇತ್ತು. ಕಂತು ತಡವಾಗುತ್ತದೆ, ನಿಜ. ಬಂದ ದಿನ ಅತ್ತೆ ಪಾಸ್‌ಬುಕ್ ನನ್ನ ಕೈಗಿಟ್ಟು 'ಓದು' ಎನ್ನುತ್ತಾರೆ. ಎರಡು ಸಲ ಓದಿಸುತ್ತಾರೆ. ಅಂಕೋಲೆಗೆ ಹೋಗಲು ಶಕ್ತಿ ಯೋಜನೆಯ ಬಸ್ಸಿದೆ. ಬುಟ್ಟಿ ಕಂಡರೆ ಕಂಡಕ್ಟರ್ ಮುಖ ಸಿಂಡರಿಸುವುದು ಮಾತ್ರ ಯಾವ ಯೋಜನೆಯಿಂದಲೂ ನಿಂತಿಲ್ಲ.

ಪುಕ್ಕಟೆ ಕೊಟ್ಟರೆ ಜನ ಮೈಗಳ್ಳರಾಗುತ್ತಾರಂತೆ. ಅತ್ತೆ ಈಗಲೂ ನಸುಕಿನ ನಾಲ್ಕಕ್ಕೆ ಏಳುತ್ತಾರೆ, ಹಾಗೆನ್ನುವವರು ಎಷ್ಟಕ್ಕೆ ಏಳುತ್ತಾರೋ! ಈ ದುಡ್ಡು ಅಕ್ಕಿ, ಔಷಧ, ಮೊಮ್ಮಗನ ಟ್ಯೂಷನ್, ಚೀಟಿ ಅಂತ ಊರಲ್ಲೇ ತಿರುಗುತ್ತದೆ. 'ಸೀಬರ್ಡ್ ನೌಕಾನೆಲೆ, ಕೈಗಾ ಅಣುವಿದ್ಯುತ್ ಸ್ಥಾವರ ಬಂದು ಏನಾಯಿತು' ಎಂದು ಕೇಳುವವರಿದ್ದಾರೆ. ಅದು ದೇಶದ ಖರ್ಚು. ನಾನು ಹೇಳುತ್ತಿರುವುದು ಮನೆಯ ಖರ್ಚು.

ವಿರೋಧ: ಸಂಕದ ಲೆಕ್ಕ

ವಿರೋಧ ಬರೆದುಕೊಡಿ ಎಂದರು, ಒಪ್ಪಿಕೊಂಡೆ. ನನ್ನ ತಾಯಿಗೆ ವೃದ್ಧಾಪ್ಯ ವೇತನ ಬರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟಿದರು, ತಾಲೂಕು ಕೇಂದ್ರವಾಗಿದ್ದ ಸೂಪಾ ಊರೇ ಮುಳುಗಿ ಕಚೇರಿಗಳು ಜೋಯಿಡಾಕ್ಕೆ ಹೋದವು. ಕೈಗಾ ಬಂತು, 2005ರಲ್ಲಿ ಸೀಬರ್ಡ್ ಯೋಜನೆಯ ಕದಂಬ ನೌಕಾನೆಲೆ ಬಂತು. ಆದರೂ ಎದೆನೋವು ಬಂದವರನ್ನು ಇಂದಿಗೂ ಮಣಿಪಾಲಕ್ಕೋ ಹುಬ್ಬಳ್ಳಿಗೋ ಒಯ್ಯುತ್ತೇವೆ. ಪ್ರಾದೇಶಿಕ ಅಸಮತೋಲನ ಅಳೆಯಲು ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ಹಿಂದುಳಿದ ತಾಲೂಕುಗಳನ್ನು ಗುರುತಿಸಿ, 8 ವರ್ಷಕ್ಕೆ 31,000 ಕೋಟಿ ರೂಪಾಯಿ ಬೇಕೆಂದಿತು. 2024ರಲ್ಲಿ ಅದೇ ಅಸಮತೋಲನ ಅಳೆಯಲು ಮತ್ತೊಂದು ಸಮಿತಿ!

ಶಿರಸಿಯ ಅಡಿಕೆ ಬೆಳೆಗಾರರು ಅನುದಾನಕ್ಕೆ ಕಾಯಲಿಲ್ಲ. 1923ರಲ್ಲೇ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿಕೊಂಡರು. (ತೋಟವೇ ಇಲ್ಲದವರು ಏನು ಕಟ್ಟಿಕೊಳ್ಳಬೇಕಿತ್ತು ಎಂದು ಮಗಳು ಕೇಳುತ್ತಾಳೆ. ಅದು ಬೇರೆ ವಿಷಯ.)

ನಮ್ಮ ಕೇರಿಯಲ್ಲಿ ಪ್ರತಿ ಮಳೆಗಾಲಕ್ಕೆ ಮುಂಚೆ ಹತ್ತು ಮನೆಯವರು ಸೇರಿ ಹಳ್ಳಕ್ಕೆ ಅಡಿಕೆ ಮರದ ಸಂಕ (ಕಾಲುಸೇತುವೆ) ಹಾಕುತ್ತಿದ್ದೆವು. ಒಂದು ದಿನದ ಕೆಲಸ, ಮಧ್ಯಾಹ್ನ ಎಲ್ಲರಿಗೂ ಒಂದೇ ಮನೆಯಲ್ಲಿ ಊಟ. ಆಮೇಲೆ ಸಿಮೆಂಟಿನ ಸಂಕ ಮಂಜೂರಾಯಿತು. ಎರಡು ವರ್ಷದ ಹಿಂದೆ ಅದರ ಒಂದು ಬದಿ ಕೊಚ್ಚಿಹೋಯಿತು. ಹತ್ತು ಮನೆಯವರಲ್ಲಿ ಒಬ್ಬರೂ ಕತ್ತಿ ಹಿಡಿದು ಹೊರಡಲಿಲ್ಲ, ನಾನೂ ಹೊರಡಲಿಲ್ಲ. ಪಂಚಾಯ್ತಿಗೆ ಅರ್ಜಿ ಬರೆದೆವು. ಅರ್ಜಿ ಬರೆದವನೂ ನಾನೇ. ಉಳಿದ ಇನ್ನೊಂದು ಬದಿಯ ಮೇಲೆ ಮಕ್ಕಳು ಕಾಲು ನೆನೆಸಿಕೊಳ್ಳದೆ ಶಾಲೆಗೆ ದಾಟುತ್ತಿದ್ದಾರೆ.