ನೀರು ನುಂಗಿ

ಆಸ್ಪತ್ರೆಯಿಂದ ಬಂದು ಮೂರು ದಿನ ಆಯ್ತು. ಫೋನ್ ಮಾಡಿದವರಿಗೆಲ್ಲ "ಆರಾಮಾಗಿದೀನಿ" ಅಂತ ಹೇಳಿ ಹೇಳಿ ಸಾಕಾಗಿದೆ. ಸಿಟ್ಟು ಮಾತ್ರ ಇಳಿದಿಲ್ಲ. ಅದಕ್ಕೇ ಈ ಉದ್ದದ ಬರಹ. ಓದೋ ತಾಳ್ಮೆ ಇಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ, ಹೇಗೂ ಅದನ್ನೇ ಮಾಡ್ತೀರಿ.

ನನ್ನ ಕುತ್ತಿಗೆಯ ಗಂಟು ನಿಮಗೆಲ್ಲ ಗೊತ್ತಿರೋದೇ. ಎರಡು ವರ್ಷದಿಂದ ಎಲ್ಲ ಫೋಟೊದಲ್ಲೂ ಸೆರಗು ಎಳೆದುಕೊಂಡು ನಿಲ್ತಿದ್ದೆನಲ್ಲ, ಅದೇ. ಥೈರಾಯ್ಡು. ಖರ್ಚು ಕಡಿಮೆ, ಸರ್ಜನ್ನೂ ಒಳ್ಳೆಯವರು ಅಂತ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೇ ಸೇರಿದೆ. ಅಲ್ಲಿ ವಿದ್ಯಾರ್ಥಿಗಳು ಇರ್ತಾರೆ ಅಂತ ಗೊತ್ತಿತ್ತು. ಬೆನ್ನ ಹಿಂದೆ ಕ್ಯೂ ನಿಲ್ತಾರೆ ಅಂತ ಗೊತ್ತಿರಲಿಲ್ಲ.

ಬೆನ್ನ ಹಿಂದೆಯೇ. ಥೈರಾಯ್ಡ್ ನೋಡೋ ಕ್ರಮವೇ ಹಾಗಂತೆ. ಸ್ಟೂಲ್ ಮೇಲೆ ಕೂರಿಸಿ, ಹಿಂದೆ ನಿಂತು, ಎರಡೂ ಹೆಬ್ಬೆರಳು ಕತ್ತಿನ ಹಿಂಭಾಗಕ್ಕೆ ಊರಿ, ಉಳಿದ ಬೆರಳನ್ನೆಲ್ಲ ಮುಂದಕ್ಕೆ ತಂದು ಗಂಟಲು ತಡಕೋದು. ದೂರದಿಂದ ನೋಡಿದವರು ಪೊಲೀಸರಿಗೆ ಫೋನ್ ಮಾಡಬೇಕು, ಹಾಗಿರುತ್ತೆ. ಆಮೇಲೆ "ನೀರು ನುಂಗಿ". ಗ್ರಂಥಿ ಶ್ವಾಸನಾಳಕ್ಕೆ ಅಂಟಿಕೊಂಡಿರೋದ್ರಿಂದ ನುಂಗಿದಾಗ ಗಂಟೂ ಜೊತೆಗೆ ಮೇಲೇರುತ್ತೆ. "ನಾಲಿಗೆ ಚಾಚಿ." ಆಗಲೂ ಏರಿದರೆ ಅದು ಬೇರೆ ಜಾತಿಯ ಗಂಟು. "ಎರಡೂ ಕೈ ಮೇಲೆತ್ತಿ." ಇದು ಗಂಟು ಎದೆಯೊಳಗೆ ಇಳಿದಿದೆಯಾ ನೋಡೋಕೆ. ಒಂದೇ ಬೆಳಗ್ಗೆ ಹತ್ತು ಸಲ ಮಾಡಿಸಿಕೊಂಡರೆ ಕೋಣಕ್ಕೂ ಪಾಠ ಬರುತ್ತೆ ಬಿಡಿ. ಒಬ್ಬೊಬ್ಬರಿಗೆ ಮೂರು ಮೂರು ಗುಟುಕು. ಹತ್ತನೆಯವನ ಹೊತ್ತಿಗೆ ಬಾಟಲ್ ಖಾಲಿ, ನನಗೆ ಬಾತ್ರೂಮಿಗೆ ಅವಸರ.

ಹತ್ತು ಜನರಲ್ಲಿ ಒಬ್ಬರೂ "ಅಮ್ಮಾ, ಮುಟ್ಟಲಾ?" ಅನ್ನಲಿಲ್ಲ. ಎರಡೇ ಎರಡು ಮಾತು! ಕೈ ನೇರ ಕತ್ತಿಗೆ.

ಮೇಲಿಂದ ಇಂಗ್ಲಿಷು. ನೈಟಿ ಮೇಲೆ ಟವೆಲ್ ಹೊದ್ದು ಕೂತ ಹೆಂಗಸಿಗೆ ಇಂಗ್ಲಿಷ್ ಬರಲ್ಲ ಅಂತ ಅವರೇ ತೀರ್ಮಾನ ಮಾಡಿಕೊಂಡಿದ್ರು. 26 ವರ್ಷ ಹೈಸ್ಕೂಲಲ್ಲಿ ನಾನು ಕಲಿಸಿದ್ದೇನು ಅಂತ ನಿಮಗೆ ಹೇಳಬೇಕಾಗಿಲ್ಲವಲ್ಲ! ಒಬ್ಬ ನನ್ನನ್ನ "ಗುಡ್ ಕೇಸ್" ಅಂದ. ನಮ್ಮಪ್ಪ ಒಂದು ದಿನ ಗುಡ್ ಗರ್ಲ್ ಅಂದವರಲ್ಲ, ಈ ವಯಸ್ಸಲ್ಲಿ ಗುಡ್ ಕೇಸ್ ಆದೆ. ಇನ್ನೊಬ್ಬ ನನ್ನ ತಲೆಯ ಮೇಲೇ "ಮ್ಯಾಲಿಗ್ನೆನ್ಸಿ" ಅಂದ. ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡ್ಕೋಬೇಕು ಅನ್ನೋದು ಅವನ ಮಾತಿನ ಅರ್ಥ, ಈಗ ಗೊತ್ತು. ಆಗ ಕಿವಿಗೆ ಬಿದ್ದದ್ದು ಆ ಒಂದೇ ಪದ. ಸೂಜಿ ಚುಚ್ಚಿ ತೆಗೆದದ್ದರ ರಿಪೋರ್ಟ್ ಬರೋಕೆ ಎರಡು ದಿನ ಆಯ್ತು. ಏನೂ ಇರಲಿಲ್ಲ, ಆರು ತಿಂಗಳು ಬಿಟ್ಟು ಬನ್ನಿ ಅಂದ್ರು. ಆ ಎರಡು ರಾತ್ರಿ ಮಾತ್ರ ವಾರ್ಡಿನ ಫ್ಯಾನ್ ಎಷ್ಟು ಸಲ ಕಿರುಗುಟ್ಟಿತು ಅಂತ ಲೆಕ್ಕ ನನ್ನ ಹತ್ರ ಇದೆ.

ಅಕ್ಕನ ಮಗ ಎಂಬಿಬಿಎಸ್ ಕೊನೇ ವರ್ಷ. "ಚಿಕ್ಕಮ್ಮಾ, ನೀವೇ ಹೀಗಂದ್ರೆ ನಾವು ಯಾರ ಮೇಲೆ ಕಲೀಬೇಕು? ಗೊಂಬೆ ಕತ್ತು ತಡಕಿದ್ರೆ ಗಂಟು ಸಿಗುತ್ತಾ?" ಅಂದ. ಸಿಗಲ್ಲಪ್ಪ, ಒಪ್ಪಿದೆ. ಬಿ.ಎಡ್‌ನಲ್ಲಿ ನಾನೂ ಯಾರದೋ ಮಕ್ಕಳ ಮೇಲೇ ಕಲಿತಿದ್ದು, ಅವರ ಕತ್ತು ಹಿಡಿದಿರಲಿಲ್ಲ ಅಷ್ಟೇ. (ಕಿವಿ ಹಿಂಡಿದ್ದೆ. ಅದು ಬೇರೆ ವಿಷಯ.) ರೋಗಿಯ ಜೊತೆ ಹೇಗೆ ಮಾತಾಡಬೇಕು ಅಂತ ಕಲಿಸೋಕೇ 2019ರಿಂದ ಎಟ್‌ಕಾಮ್ ಅನ್ನೋ ಪಾಠ ಇದೆಯಂತೆ, ಅದನ್ನೂ ಅವನೇ ಹೇಳಿದ್ದು. ಹಾಗಾದ್ರೆ ಆ ಹತ್ತೂ ಜನ ಆ ಕ್ಲಾಸಿಗೆ ಪ್ರಾಕ್ಸಿ ಹಾಕಿಸಿರಬೇಕು. ಕಲೀಬೇಡಿ ಅಂತ ನಾನೆಲ್ಲಿ ಹೇಳಿದೆ? ಕೇಳಿ ಮುಟ್ಟಿ ಅಂದೆ.

ಇನ್ನೊಂದು ವಿಷಯ ಬರೀಬೇಕೋ ಬೇಡವೋ ಅಂತ ಬೆಳಗ್ಗೆಯಿಂದ ಯೋಚನೆ ಮಾಡ್ತಿದೀನಿ.

ಹನ್ನೊಂದನೆಯವಳು ಕೇಳಿದಳು. ಕನ್ನಡ ಅವಳ ಮನೆಮಾತಲ್ಲ, ಪದ ಪದ ಜೋಡಿಸಿಕೊಂಡು, "ಅಮ್ಮ, ನಾನು ಮುಟ್ಟಿ ನೋಡಬಹುದಾ?" ಅಂದಳು. ತಣ್ಣಗಿದೆ ಅಂತ ಎರಡೂ ಅಂಗೈ ಉಜ್ಜಿಕೊಳ್ತಾ ನಿಂತಿದ್ದಳು.

ನಾನು "ಬೇಡ" ಅಂದೆ.

ಹತ್ತು ಜನರ ಸಿಟ್ಟು ಅವಳೊಬ್ಬಳ ಮೇಲೆ. "ಸಾರಿ ಅಮ್ಮ" ಅಂತ ಪಕ್ಕಕ್ಕೆ ಸರಿದಳು. ಅಷ್ಟರಲ್ಲಿ ಪ್ರೊಫೆಸರ್ ಬಂದ್ರು. ಅಷ್ಟು ಜನರಲ್ಲಿ ಬೆರಳು ತೋರಿಸಿದ್ದು ಅವಳಿಗೇ. ಮುಟ್ಟಿ ನೋಡಿದ್ಯಾ ಅಂತ ಇಂಗ್ಲಿಷಿನಲ್ಲಿ ಕೇಳಿದ್ರು. ಹುಡುಗಿ ಒಂದು ಕ್ಷಣ ನನ್ನ ಮುಖ ನೋಡಿದಳು.

"ಎಸ್ ಸರ್."

ನಾನು ಖಾಲಿ ಬಾಟಲಿಯ ಮುಚ್ಚಳ ತಿರುಗಿಸ್ತಾ ಕೂತಿದ್ದೆ.