ಮಕ್ಕಳಿಗೆ ಮೊದಲು ನೋಟ್‌ಪ್ಯಾಡ್ ಕಲಿಸಿ

2016ರಲ್ಲಿ ನಮ್ಮ ಸೋದರತ್ತೆಯ ಪಕ್ಕ ಕೂತು, ಅವರು ಹೇಳಿದ ರಾಗಿ ಬೀಸೋ ಪದಗಳನ್ನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದ್ದೆ. ಒಟ್ಟು ಹದಿನಾಲ್ಕು. ವಿಂಡೋಸ್ ಜೊತೆಗೇ ಬರೋ, ಬರೀ ಅಕ್ಷರ ಬರೆಯೋಕಿರುವ ನೋಟ್‌ಪ್ಯಾಡಿನಲ್ಲಿ ಸೇವ್ ಕೊಟ್ಟಾಗ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಬಂತು. ಓದದೆ ಓಕೆ ಒತ್ತಿದೆ. ಪರದೆ ಮೇಲೆ ಕನ್ನಡ ಹಾಗೇ ಇತ್ತು. ಮಾರನೇ ದಿನ ಫೈಲ್ ತೆಗೆದರೆ ಸಾಲು ಸಾಲು ಪ್ರಶ್ನೆ ಚಿಹ್ನೆ. ಒಂದಕ್ಷರವೂ ಉಳಿದಿರಲಿಲ್ಲ.

"ಬುಡು ಮಗ, ಇನ್ನೊಂದ್ಸಲ ಹೇಳ್ತೀನಿ" ಅಂದರು ಅತ್ತೆ. ಹೇಳಿದರು ಕೂಡ. ಆದರೆ ಮೂರು ಪದ ಎಷ್ಟು ತಡಕಿದರೂ ಅವರ ನೆನಪಿಗೆ ಬರಲಿಲ್ಲ.

ಆಗಿದ್ದು ಇಷ್ಟು. ಸೇವ್ ಮಾಡುವಾಗ ಕೆಳಗಡೆ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಫೈಲಿನಲ್ಲಿ ಯಾವ ಕ್ರಮದಲ್ಲಿ ಬರೆದಿಡಬೇಕು ಅಂತ ಆರಿಸೋ ಒಂದು ಚಿಕ್ಕ ಕಿಟಕಿ ಇರುತ್ತದೆ. ಹಳೇ ವಿಂಡೋಸ್‌ನಲ್ಲಿ ಅಲ್ಲಿ ಆನ್ಸಿ ಅಂತ ಇರುತ್ತಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಅಲ್ಲಿ ಕನ್ನಡಕ್ಕೂ ಜಾಗ ಇರುವ ಯುಟಿಎಫ್-8 ಆರಿಸಬೇಕಿತ್ತು. ನೀವೇ ಪರೀಕ್ಷೆ ಮಾಡಬಹುದು. ಬರೀ 'ಕನ್ನಡ' ಅಂತ ಬರೆದು ಯುಟಿಎಫ್-8ರಲ್ಲಿ ಉಳಿಸಿ. ಹೊಸ ನೋಟ್‌ಪ್ಯಾಡಿನಲ್ಲಿ ಫೈಲಿನ ಗಾತ್ರ 15 ಬೈಟ್. ಕ, ನ, ಎರಡು ನಕಾರ ಕೂಡಿಸುವ ಚಿಹ್ನೆ, ಇನ್ನೊಂದು ನ, ಆಮೇಲೆ ಡ. ಐದಕ್ಕೂ ಮೂರು ಮೂರು ಬೈಟ್. ಅದನ್ನೇ ಆನ್ಸಿಯಲ್ಲಿ ಉಳಿಸಿದರೆ 5 ಬೈಟ್, ಐದೂ ಪ್ರಶ್ನೆ ಚಿಹ್ನೆ. ಫಾಂಟ್ ಇಲ್ಲದೆ ಡಬ್ಬಿ ಡಬ್ಬಿ ಕಂಡರೆ ಫಾಂಟ್ ಹಾಕಿಕೊಂಡರಾಯಿತು. ಕನ್ನಡ ಟೈಪ್ ಮಾಡೋ 'ನುಡಿ' ತಂತ್ರಾಂಶದ ಹಳೇ ಫೈಲ್ ಗೀಚು ಗೀಚಾಗಿ ಕಂಡರೂ ಪರಿವರ್ತಕ ಇದೆ. ಪ್ರಶ್ನೆ ಚಿಹ್ನೆಯಾಗಿ ಉಳಿದರೆ ಮಾತ್ರ ಆ ಫೈಲಿನಿಂದ ಅಕ್ಷರ ವಾಪಸ್ ತರೋಕಾಗಲ್ಲ.

2019ರ ವಿಂಡೋಸ್ 10 ಅಪ್‌ಡೇಟಿನಿಂದ ಯುಟಿಎಫ್-8 ತಾನಾಗೇ ಬರುತ್ತದೆ. ಆದರೆ ಹಳೇ ಕಂಪ್ಯೂಟರ್ ಇನ್ನೂ ಎಷ್ಟೋ ಕಡೆ ಓಡುತ್ತಿವೆ ಅಲ್ವಾ?

ಇಷ್ಟಾದರೂ ನಾನು ನೋಟ್‌ಪ್ಯಾಡ್ ಬಿಟ್ಟಿಲ್ಲ. ಎಂಟನೇ ಕ್ಲಾಸಿನ ನಮ್ಮಣ್ಣನ ಮಗಳಿಗೆ ಶಾಲೆಯಲ್ಲಿ ಮೊದಲು ಕಲಿಸಿದ್ದು ಅಕ್ಷರಕ್ಕೆ ಬಣ್ಣ ಹಾಕೋದು, ನೆರಳು ಕೊಡೋದು. ನನಗದು ತಪ್ಪು ಅನ್ನಿಸುತ್ತದೆ. ಮೊದಲು ಬರೆಯೋದು ಬರಲಿ. ಅವಳನ್ನು ಕೂರಿಸಿಕೊಂಡು ತೋರಿಸಿದೆ. ವಿಂಡೋಸ್ ಕೀ ಜೊತೆ ಆರ್ ಒತ್ತು, ನೋಟ್‌ಪ್ಯಾಡ್ ಅಂತ ಇಂಗ್ಲಿಷಿನಲ್ಲಿ ಹೊಡಿ, ಎಂಟರ್. ಬಿಳೀ ಹಾಳೆ ತಕ್ಷಣ ಎದುರಿಗೆ. ಎಫ್5 ಒತ್ತಿದರೆ ಆ ಹೊತ್ತಿನ ಸಮಯ, ತಾರೀಕು ಬೀಳುತ್ತದೆ. ಮೊದಲ ಸಾಲಲ್ಲಿ ಒಂದು ಚುಕ್ಕಿ ಇಟ್ಟು, ಅದಕ್ಕೆ ಅಂಟಿಸಿ ದೊಡ್ಡಕ್ಷರದಲ್ಲಿ ಎಲ್, ಓ, ಜಿ ಬರೆದು ಉಳಿಸಿದರೆ, ಪ್ರತಿ ಸಲ ಫೈಲ್ ತೆಗೆದಾಗಲೂ ಕೊನೆಯಲ್ಲಿ ತಾರೀಕು ತಾನೇ ಬರುತ್ತದೆ. ಈಗ ಮನೆಯಿಂದ ಡೈರಿಗೆ ಹೋಗೋ ಹಾಲಿನ ಲೆಕ್ಕ ಅವಳೇ ಬರೆಯುತ್ತಾಳೆ. ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಅಷ್ಟೇ.

ಮ್ಯಾಕ್ ಇರುವವರಿಗೆ ಟೆಕ್ಸ್ಟ್‌ಎಡಿಟ್ ಇದೆ. ಫಾರ್ಮ್ಯಾಟ್ ಮೆನುಗೆ ಹೋಗಿ ಮೇಕ್ ಪ್ಲೇನ್ ಟೆಕ್ಸ್ಟ್ ಕೊಡೋದು ಮರೆಯಬೇಡಿ.

ಉಳಿದ ಹನ್ನೊಂದು ಪದಗಳನ್ನು ಯುಟಿಎಫ್-8ರಲ್ಲಿ ಉಳಿಸಿ, ಮುಚ್ಚಿ, ಮತ್ತೆ ತೆಗೆದು ನೋಡಿದ ಮೇಲೇ ಅತ್ತೆಯ ಪಕ್ಕದಿಂದ ಎದ್ದೆ. ಆಮೇಲೆ ಎರಡು ಸಲ ಕಂಪ್ಯೂಟರ್ ಬದಲಾಯಿತು, ಮೂರು ಫೋನ್ ಬದಲಾದವು. ಆ ಫೈಲ್ ಎಲ್ಲದರಲ್ಲೂ ತೆರೆದುಕೊಂಡಿದೆ. ಹೋದ ವಾರ ಅತ್ತೆಯ ಮಗಳು ವಾಟ್ಸಾಪಿನಲ್ಲಿ ಕೇಳಿದಳು, ಕಳಿಸಿದೆ. ಓದುತ್ತಾ ಓದುತ್ತಾ ಫೋನಿನಲ್ಲೇ ಹಾಡೋಕೆ ಶುರು ಮಾಡಿದಳು.