ಅರಮನೆಯಲ್ಲಿ ಗಣಿತದ ಕ್ಲಾಸು

ಬೆಳಿಗ್ಗೆ ಮಗಳ ಜೊತೆ ಸೈಕಲ್ ತುಳಿದುಕೊಂಡು ಹೋದರೆ ಶಾಲೆಯ ಹತ್ತಿರ ಮೊದಲು ಎದುರಾಗುವುದು ಬಾತುಕೋಳಿಗಳು. ಸುತ್ತ ನೀರು ತುಂಬಿದ ಕಂದಕ. ಸೇತುವೆ ದಾಟಿದರೆ ಮೂಲೆಮೂಲೆಗೂ ದುಂಡು ಗೋಪುರವಿರುವ ಕಟ್ಟಡ. ಮಗಳ ಶಾಲೆ ಇರುವುದು ಇದರೊಳಗೇ. ಜರ್ಮನಿಯ ಪಾಡರ್‌ಬೋರ್ನ್ ಊರಿನ ಈ ಅರಮನೆಯ ಹೆಸರು ನಾಯ್‌ಹೌಸ್, ಅಂದರೆ ಹೊಸಮನೆ. ಹೊಸಮನೆಗೆ ಐನೂರು ವರ್ಷ ಅಂದಾಗ ಅಮ್ಮ ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು.

ಈ ಸೀಮೆಯನ್ನು ಆಳುತ್ತಿದ್ದ ಬಿಷಪ್ಪರು ಇಲ್ಲಿ ವಾಸವಿದ್ದರು. 1520ರ ದಶಕದಲ್ಲಿ ಯೋರ್ಗ್ ಉಂಕೈರ್ ಎಂಬ ಮೇಸ್ತ್ರಿ ಇಲ್ಲಿ ಕೆಲಸ ಮಾಡಿದ್ದ. ಉಳಿದದ್ದನ್ನು ಆಮೇಲಿನ ಬಿಷಪ್ಪರು ಒಂದೊಂದಾಗಿ ಸೇರಿಸಿ ನಾಲ್ಕೂ ಬದಿಗೆ ಕಟ್ಟಡ ಮಾಡಿದರು. 1803ರ ಸುಮಾರಿಗೆ ಅವರ ದರ್ಬಾರು ಮುಗಿಯಿತು. ಆಮೇಲೆ ಪ್ರಷ್ಯಾದ ಕುದುರೆಪಡೆ, ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನಿಕರು, ಅವರೂ ಹೋದ ಮೇಲೆ ಮಕ್ಕಳು.

ಇದನ್ನೆಲ್ಲ ನೋಡಿ "ಜರ್ಮನರಿಗೆ ಪರಂಪರೆ ಅಂದರೆ ಎಂಥ ಗೌರವ!" ಎಂದು ನಮ್ಮವರು ಹೇಳುವುದನ್ನು ಕೇಳಿದ್ದೇನೆ. ನನಗೇನೋ ಹಾಗನ್ನಿಸುವುದಿಲ್ಲ. ಗೌರವವೇ ಇದ್ದಿದ್ದರೆ ಬಿಷಪ್ಪರ ಮನೆಯನ್ನು ಸಿಪಾಯಿಗಳಿಗೆ ಬಿಟ್ಟುಕೊಡುತ್ತಿದ್ದರೇ? ದೊಡ್ಡ ಕಟ್ಟಡ ಇತ್ತು, ಜಾಗ ಬೇಕಿತ್ತು, ಬಳಸಿಕೊಂಡರು. ದಿನಾ ಜನ ಓಡಾಡುವ ಮನೆಯಲ್ಲಿ ಸೋರುವ ಮಾಡು ಬೇಗ ಕಣ್ಣಿಗೆ ಬೀಳುತ್ತದೆ, ಅಷ್ಟೆ. ತೋಟದ ಕಥೆ ಬೇರೆ. ಅದನ್ನು 1994ರ ರಾಜ್ಯ ಉದ್ಯಾನ ಪ್ರದರ್ಶನಕ್ಕೆಂದೇ ಹಳೇ ವಿನ್ಯಾಸದಂತೆ ಮತ್ತೆ ಎಬ್ಬಿಸಿದರು.

ನಾವೂ ಇದನ್ನು ಮಾಡದವರಲ್ಲ. ಮೈಸೂರಿನ ಚೆಲುವಾಂಬ ವಿಲಾಸ ರಾಜಕುಮಾರಿಯ ಮನೆಯಾಗಿತ್ತು. 1950ರಿಂದ ಅಲ್ಲಿ ಆಹಾರ ವಿಜ್ಞಾನಿಗಳು ಕೂತು ಕೆಲಸ ಮಾಡುತ್ತಿದ್ದಾರೆ. ಆದರೆ ಮಕ್ಕಳನ್ನು ಮಾತ್ರ ನಾವು ನಂಬುವುದಿಲ್ಲ. ನಾನು ಓದಿದ ಮೈಸೂರು ವಿಶ್ವವಿದ್ಯಾಲಯದ ಮಾನಸ ಗಂಗೋತ್ರಿಯಲ್ಲೇ ಜಯಲಕ್ಷ್ಮಿ ವಿಲಾಸ ಅರಮನೆ ಇತ್ತು. ಜಾನಪದ ವಸ್ತುಸಂಗ್ರಹಾಲಯ ನೋಡಲು ಒಮ್ಮೆ ಒಳಗೆ ಹೋಗಿದ್ದೆ, ಕೈ ಬೆನ್ನಹಿಂದೆ ಕಟ್ಟಿಕೊಂಡು. ಬಾಕಿ ದಿನವೆಲ್ಲ ದಾರಿಯಿಂದಲೇ ನೋಡಿದ್ದು.

ಇಲ್ಲಿ ನನ್ನ ಮಗಳು ಬಿಷಪ್ಪರ ಮೆಟ್ಟಿಲ ಮೇಲೆ ಬ್ಯಾಗು ಧೊಪ್ಪೆಂದು ಎಸೆದು, ಶೂ ಲೇಸು ಕಟ್ಟಿಕೊಳ್ಳುತ್ತಾಳೆ. ಮೊದಮೊದಲು ನನ್ನ ಎದೆ ಝಲ್ಲೆನ್ನುತ್ತಿತ್ತು. ಅರಮನೆ ಹೇಗಿದೆ ಎಂದು ಅಜ್ಜಿ ಕೇಳಿದರೆ ಅವಳದು ಒಂದೇ ದೂರು: "ಕಿಟಕಿ ಪಕ್ಕ ಚಳಿ, ಅಜ್ಜಿ."